ಜೇಬಲ್ಲಿ ಎಷ್ಟೇ ಇರಲಿ, ಬೆಂಗಳೂರಲ್ಲಿ ಹೊಟ್ಟೆ ತುಂಬ ತಿನ್ನೋದು ಹೇಗೆ?

ಅರಸೀಕೆರೆಯಿಂದ ಸೋದರಮಾವ ಬಂದಿದ್ದರು. ಬೆಳಗಿನ ರೈಲು, ಖಾಲಿ ಹೊಟ್ಟೆ. "ಮನೆಗೆ ಆಮೇಲೆ ಹೋಗೋಣ ಮಾವ, ಮೊದಲು ನಿಮಗೆ ಬೆಂಗಳೂರಿನ ದೋಸೆ ತಿನ್ನಿಸ್ತೀನಿ" ಅಂತ ಮೆಜೆಸ್ಟಿಕ್‌ನಲ್ಲೇ ಆಟೋ ಹತ್ತಿಸಿದೆ. ದಾರಿಯುದ್ದಕ್ಕೂ ಆ ಹೋಟೆಲಿನ ಗುಣಗಾನ. ಹೋಗಿ ಇಳಿದರೆ ಬಾಗಿಲು ಹಾಕಿದೆ. ವಾರದ ರಜೆ. ಮಾವ ಒಂದು ಸಲ ಶಟರ್ ನೋಡಿದರು, ಒಂದು ಸಲ ನನ್ನ ಮುಖ ನೋಡಿದರು. "ಹತ್ತು ವರ್ಷದಿಂದ ಇದೇ ಊರಲ್ಲಿದ್ದೀಯಲ್ಲೋ, ಯಾವತ್ತು ರಜೆ ಅಂತ ಗೊತ್ತಿಲ್ವಾ?"

ಪಕ್ಕದ ತಿರುವಿನಲ್ಲಿ ಒಂದು ದರ್ಶಿನಿ ಇತ್ತು. ಬೋರ್ಡಿನ ಬಣ್ಣ ಹೋಗಿ ಹೆಸರೂ ಸರಿಯಾಗಿ ಕಾಣುತ್ತಿರಲಿಲ್ಲ. ನಿಂತುಕೊಂಡೇ ಇಡ್ಲಿ ವಡೆ ತಿಂದೆವು. ಮಾವ ಎರಡು ಸಲ ಚಟ್ನಿ ಹಾಕಿಸಿಕೊಂಡರು. ಇಬ್ಬರದೂ ಸೇರಿ ಇನ್ನೂರು ರೂಪಾಯಿ ಆಗಲಿಲ್ಲ.

ಅವತ್ತಿನಿಂದ ಯಾರಾದರೂ "ಬೆಂಗಳೂರಲ್ಲಿ ಎಲ್ಲಿ ತಿನ್ನೋದು?" ಅಂತ ಕೇಳಿದರೆ ನಾನು ಮೊದಲು "ಬಜೆಟ್ ಎಷ್ಟು?" ಅಂತ ಕೇಳುವುದಿಲ್ಲ. "ಎಷ್ಟು ಹೊತ್ತಿಗೆ? ಯಾವ ವಾರ?" ಅಂತ ಕೇಳುತ್ತೇನೆ. ಈ ಊರಲ್ಲಿ ಒಂದೊಂದು ಹೋಟೆಲಿಗೂ ಅದರದ್ದೇ ಹೊತ್ತಿದೆ. ಆ ಹೊತ್ತಿಗೆ ಹೋದರೆ ನೂರು ರೂಪಾಯಿಗೂ ರಾಜನ ಹಾಗೆ ತಿನ್ನಬಹುದು. ಹೊತ್ತು ತಪ್ಪಿದರೆ ಸಾವಿರ ಕೊಟ್ಟರೂ ಆರಿದ ಸಾರೇ ಗತಿ.

ಮುಂದೆ ಬರುವ ಬೆಲೆಗಳೆಲ್ಲ ಅಂದಾಜು. ಹತ್ತಿಪ್ಪತ್ತು ರೂಪಾಯಿ ಆಚೀಚೆ ಇದ್ದೇ ಇರುತ್ತದೆ.

ಹೆಜ್ಜೆ 1: ಮೊದಲು ಗಡಿಯಾರ ನೋಡಿ

ಬೆಳಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಇಡ್ಲಿ ಹೊತ್ತು. ಪಾತ್ರೆಯಿಂದ ಇಳಿಸಿದ ಇಡ್ಲಿಗೆ ಹತ್ತು ನಿಮಿಷದ ಆಯಸ್ಸು, ಆಮೇಲೆ ಅದು ಬರೀ ಅಕ್ಕಿ ಉದ್ದು. ಬೆಳಗಿನ ನೂಕುನುಗ್ಗಲಿನಲ್ಲಿ ತಟ್ಟೆ ಮೇಲೆ ತಟ್ಟೆ ಇಳಿಯುತ್ತಿರುವುದರಿಂದ ಯಾರಿಗೂ ಆರಿದ ಇಡ್ಲಿ ಸಿಗುವುದಿಲ್ಲ. ಶಂಕರಪುರದಲ್ಲಿ ಶಂಕರ ಮಠದ ಹತ್ತಿರ ಬ್ರಾಹ್ಮಿನ್ಸ್ ಕಾಫಿ ಬಾರ್ ಇದೆ. 1965ರಿಂದ ನಡೆಯುತ್ತಿರುವ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಹೆಚ್ಚುಕಡಿಮೆ ಇಷ್ಟೇ. ಸಾಂಬಾರ್ ಕೇಳಬೇಡಿ, ಇಲ್ಲಿ ಚಟ್ನಿಯದ್ದೇ ರಾಜ್ಯಭಾರ. ತಟ್ಟೆ ಹಿಡಿದು ಫುಟ್‌ಪಾತ್ ಮೇಲೆ ನಿಂತು ತಿನ್ನಬೇಕು. ಮಲ್ಲೇಶ್ವರದವರಾದರೆ ಇದೇ ಸುಖ ಮಾರ್ಗೋಸಾ ರಸ್ತೆಯ ವೀಣಾ ಸ್ಟೋರ್ಸ್‌ನಲ್ಲಿ ಸಿಗುತ್ತದೆ.

ಒಂಬತ್ತರಿಂದ ಹನ್ನೊಂದು ದೋಸೆ ಹೊತ್ತು. ಕಾವಲಿ ಅಷ್ಟರಲ್ಲಿ ಚೆನ್ನಾಗಿ ಪಳಗಿರುತ್ತದೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನ, ಮಲ್ಲೇಶ್ವರ 7ನೇ ಕ್ರಾಸಿನ ಸಿಟಿಆರ್, ಇವೆರಡರ ಮಧ್ಯೆ ಯಾವುದು ಮೇಲು ಅನ್ನುವುದು ಈ ಊರಿನಲ್ಲಿ ಮುಗಿಯದ ಜಗಳ. ನನ್ನ ತೀರ್ಪು ಕೇಳಿದರೆ, ಬೆಣ್ಣೆ ಬೇಕಾದ ದಿನ ಸಿಟಿಆರ್, ಉಳಿದ ದಿನ ವಿದ್ಯಾರ್ಥಿ ಭವನ. ಒಂದು ಮಾತ್ರ ನೆನಪಿಟ್ಟುಕೊಳ್ಳಿ. ಭಾನುವಾರ ಹತ್ತು ಗಂಟೆಗೆ ಇವೆರಡರ ಮುಂದೆಯೂ ನಿಲ್ಲಬೇಡಿ. ಅರ್ಧ ಬೆಂಗಳೂರು ಅಲ್ಲೇ ಇರುತ್ತದೆ. ವಾರದ ದಿನ ಎಂಟೂವರೆಗೆ ಹೋದರೆ ಅದೇ ದೋಸೆ ಹದಿನೈದು ನಿಮಿಷದಲ್ಲಿ ನಿಮ್ಮ ಮುಂದಿರುತ್ತದೆ.

ಹನ್ನೆರಡೂವರೆಯಿಂದ ಎರಡು ಊಟದ ಹೊತ್ತು. ಎರಡರ ಮೇಲೆ ಮಾಂಸದೂಟದ ಮಿಲಿಟರಿ ಹೋಟೆಲಿಗೆ ಹೋದರೆ "ಬೋಟಿ ಖಾಲಿ, ತಲೆಮಾಂಸ ಖಾಲಿ" ಅನ್ನುವ ಉತ್ತರವೇ ಜಾಸ್ತಿ.

ಮೂರರಿಂದ ನಾಲ್ಕು ಸತ್ತ ಹೊತ್ತು. ಮಧ್ಯಾಹ್ನ ಬಾಗಿಲು ಹಾಕುವ ಹಳೇ ಹೋಟೆಲ್‌ಗಳು ಬೇಕಾದಷ್ಟಿವೆ. ಆಗ ಕೂತು ಮಾತಾಡುವ ಜಾಗ ಹುಡುಕಿ. ಲ್ಯಾವೆಲ್ಲೆ ರಸ್ತೆಯ ಏರ್‌ಲೈನ್ಸ್ ಹೋಟೆಲಿನ ಮರದ ನೆರಳು, ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್, ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್. ಕಾಫಿ ಹೌಸ್ 2009ರವರೆಗೆ ಎಂ.ಜಿ. ರಸ್ತೆಯಲ್ಲಿತ್ತು. ಅಲ್ಲಿ ಕೂತಿದ್ದವರು ಈಗಲೂ ಅದರ ಬಗ್ಗೆ ನಿಟ್ಟುಸಿರು ಬಿಡುತ್ತಾರೆ.

ಸಂಜೆ ಬಜ್ಜಿ, ಬೋಂಡ, ಬೇಕರಿ. ಏಳರ ಮೇಲೆ ವಿ.ವಿ. ಪುರದ ತಿಂಡಿ ಬೀದಿ. ಹತ್ತರ ಮೇಲೆ ಶಿವಾಜಿನಗರ, ಫ್ರೇಜರ್ ಟೌನ್ ಕಡೆ.

ಇನ್ನು ವಾರದ ರಜೆ. ನನಗೆ ಮಾವನ ಮುಂದೆ ಆದ ಅವಮಾನ ನಿಮಗೆ ಬೇಡ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ, ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಹಬ್ಬದ ದಿನಗಳಲ್ಲಿ ಇದೂ ಏರುಪೇರಾಗುತ್ತದೆ. ಹೊರಡುವ ಮುಂಚೆ ಒಂದು ಫೋನ್ ಮಾಡಿದರೆ ಆಟೋ ಕಾಸು ಉಳಿಯುತ್ತದೆ.

ಹೆಜ್ಜೆ 2: ಊರು ದಾಟಬೇಡಿ

ಇಂದಿರಾನಗರದಲ್ಲಿದ್ದುಕೊಂಡು ಮಲ್ಲೇಶ್ವರದ ದೋಸೆಗೆ ಕಾರಿನಲ್ಲಿ ಹೊರಡುವುದು ಶುದ್ಧ ಹುಚ್ಚು. ದೋಸೆಗೆ ನೂರು, ಪೆಟ್ರೋಲಿಗೆ ಇನ್ನೂರು, ಪಾರ್ಕಿಂಗ್ ಹುಡುಕೋದಕ್ಕೆ ಅರ್ಧ ಗಂಟೆ. ಮೆಟ್ರೋ ಹತ್ತಿ. ಹಸಿರು ಮಾರ್ಗ ಒಂದನ್ನು ಹಿಡಿದರೆ ಹಳೇ ಬೆಂಗಳೂರಿನ ಮುಕ್ಕಾಲು ಪಾಲು ರುಚಿ ದಾರಿಯಲ್ಲೇ ಸಿಗುತ್ತದೆ.

ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದರೆ ಮಲ್ಲೇಶ್ವರ. ಸಿಟಿಆರ್, ವೀಣಾ ಸ್ಟೋರ್ಸ್, ರೊಟ್ಟಿ ಊಟಕ್ಕೆ ಸಂಪಿಗೆ ರಸ್ತೆಯ ಹಳ್ಳಿಮನೆ, ಎಲ್ಲ ನಡೆದೇ ಮುಗಿಸಬಹುದು. ಮಧ್ಯೆ 8ನೇ ಕ್ರಾಸಿನಲ್ಲಿ ಹೂವು, ತರಕಾರಿ ನೋಡುತ್ತಾ ಹೋದರೆ ತಿಂದದ್ದು ಕರಗುತ್ತದೆ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಒಂದು ಕಡೆ ವಿ.ವಿ. ಪುರ, ಇನ್ನೊಂದು ಕಡೆ ಬಸವನಗುಡಿ, ಗಾಂಧಿಬಜಾರ್. ಮೆಜೆಸ್ಟಿಕ್ ಅಥವಾ ಚಿಕ್ಕಪೇಟೆಯಲ್ಲಿ ಇಳಿದರೆ ಗಾಂಧಿನಗರ ಮತ್ತು ಪೇಟೆ ಬೀದಿಗಳು. ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆ ನಿಲ್ದಾಣ ಚರ್ಚ್ ಸ್ಟ್ರೀಟಿಗೆ, ಇಂದಿರಾನಗರ ನಿಲ್ದಾಣ ಅಲ್ಲಿನ ಬಿಯರ್ ಮನೆಗಳಿಗೆ. ಬಿಯರ್ ಕುಡಿಯುವ ಆಲೋಚನೆ ಇದ್ದರಂತೂ ಗಾಡಿ ಮನೆಯಲ್ಲೇ ಇರಲಿ.

ಒಂದು ಹೊತ್ತಿಗೆ ಒಂದೇ ಬಡಾವಣೆ. ಈ ನಿಯಮ ಮುರಿದವರೆಲ್ಲ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ಹಸಿದು ನಿಂತಿದ್ದಾರೆ.

ಹೆಜ್ಜೆ 3: ಈಗ ಜೇಬು ತಡಕಿ

*ಐವತ್ತು ರೂಪಾಯಿ ಒಳಗೆ.* ನಾಚಿಕೆ ಬೇಡ, ಇಂದಿರಾ ಕ್ಯಾಂಟೀನ್‌ಗೆ ಹೋಗಿ. 2017ರ ಆಗಸ್ಟ್‌ನಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟಿದ್ದರು. ಪಿಜಿಯಲ್ಲಿದ್ದಾಗ ತಿಂಗಳ ಕೊನೆಯ ವಾರ ನಾನು ಎಷ್ಟೋ ಸಲ ಅಲ್ಲಿ ಉಂಡಿದ್ದೇನೆ. ಲೈನಿನಲ್ಲಿ ಮುಂದೆ ಆಟೋದವರು, ಹಿಂದೆ ಲ್ಯಾಪ್‌ಟಾಪ್ ಬ್ಯಾಗಿನವರು. ಮಾಡಿದ್ದು ಖಾಲಿಯಾದರೆ ಅವತ್ತಿಗೆ ಮುಗಿಯಿತು, ಹಾಗಾಗಿ ಬೇಗ ಹೋಗಬೇಕು. ಇನ್ನೊಂದು ದಾರಿ ಅಯ್ಯಂಗಾರ್ ಬೇಕರಿ. ಒಂದು ಖಾರಾ ಬನ್, ಒಂದು ಬೈಟು ಕಾಫಿ, ಸಂಜೆಯ ಹಸಿವು ಅಲ್ಲಿಗೆ ಸರಿ. ಸಿಹಿ ಬೇಕಾದರೆ ದಿಲ್‌ಪಸಂದ್‌ನ ಒಂದು ತುಂಡು.

*ನೂರರಿಂದ ನೂರೈವತ್ತು.* ಬೆಂಗಳೂರು ನಿಜವಾಗಿ ಮಿಂಚುವುದು ಈ ಬೆಲೆಯಲ್ಲೇ. ಇದು ದರ್ಶಿನಿಗಳ ಲೋಕ. ಅದಕ್ಕೆ ಮುಂದೆ ಒಂದು ಹೆಜ್ಜೆಯನ್ನೇ ಇಟ್ಟಿದ್ದೇನೆ.

*ಇನ್ನೂರೈವತ್ತರಿಂದ ಐನೂರು.* ಎಲೆ ಊಟದ ಬೆಲೆ ಇದು. ಹೊಟ್ಟೆ ಬಿರಿಯುವಷ್ಟು ಖಾರ ಬೇಕಾದರೆ ರೆಸಿಡೆನ್ಸಿ ರಸ್ತೆಯ ನಾಗಾರ್ಜುನಕ್ಕೆ ಹೋಗಿ. ಬಾಳೆಎಲೆ ಮೇಲೆ ಅನ್ನ, ಪಪ್ಪು, ಗೋಂಗೂರ, ಚಟ್ನಿಪುಡಿ. ಬಿಸಿ ಅನ್ನಕ್ಕೆ ಪುಡಿ ಹಾಕಿ ತುಪ್ಪ ಬಿಟ್ಟು ಕಲಸಿ, ಅದೇ ಮೊದಲ ತುತ್ತಾಗಲಿ. ಜೋಳದ ರೊಟ್ಟಿಗೆ ಗಾಂಧಿನಗರದ ಕಾಮತ್ ಯಾತ್ರಿನಿವಾಸ್, ಇಲ್ಲವೇ ಮೆಜೆಸ್ಟಿಕ್ ಸುತ್ತಿನ ಯಾವುದಾದರೂ ಖಾನಾವಳಿ. ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು. ಕೂರುವ ಮೊದಲು "ಬಿಸಿ ರೊಟ್ಟಿನಾ, ಕಟಕ್ ರೊಟ್ಟಿನಾ?" ಅಂತ ಕೇಳಿಕೊಳ್ಳಿ. ಮನೆಯಲ್ಲಿ ವಯಸ್ಸಾದವರಿದ್ದರೆ ಈ ಪ್ರಶ್ನೆ ಮುಖ್ಯ, ಹಲ್ಲಿನ ವಿಷಯ ನೋಡಿ.

ಹಬ್ಬದೂಟದ ಖುಷಿ ಬೇಕು ಅಂದರೆ ಎಂಟಿಆರ್‌ನ ಮಧ್ಯಾಹ್ನದ ಊಟ. 1924ರ ಹೋಟೆಲ್. ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಲು ಹೊರಟಾಗ ರವೆ ಇಡ್ಲಿ ಹುಟ್ಟಿದ್ದು ಇದೇ ಅಡುಗೆಮನೆಯಲ್ಲಿ ಅಂತ ಅವರು ಹೇಳುತ್ತಾರೆ. ಊಟಕ್ಕೆ ಕೂತರೆ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ. ಅವಸರದ ದಿನ ಹೋಗಬೇಡಿ. ಬಿಸಿಬೇಳೆಬಾತ್ ಬಂದಾಗಲೇ ಹೊಟ್ಟೆ ತುಂಬಿಸಿಕೊಂಡು ಅನ್ನ ಸಾರಿಗೆ ಕೈ ಎತ್ತುವವರನ್ನು ನಾನು ದಿನಾ ನೋಡುತ್ತೇನೆ. ಮೊದಲ ಸುತ್ತಿನಲ್ಲಿ ಎಲ್ಲವೂ ಅರ್ಧರ್ಧ ಹಾಕಿಸಿಕೊಳ್ಳಿ.

*ಎಂಟುನೂರರಿಂದ ಸಾವಿರದೈನೂರು.* ಎಸಿ, ಮೆತ್ತನೆ ಕುರ್ಚಿ, ಮಂಗಳೂರು ಕಡೆಯ ಮೀನು. ಮೆನುವಿನಲ್ಲಿ ಕಾಣೆ, ಅಂಜಲ್, ಮಾಂಜಿ ಎದುರು ಬೆಲೆ ಬರೆಯದೆ "ಗಾತ್ರದ ಪ್ರಕಾರ" ಅಂತ ಬರೆದಿದ್ದರೆ, ಆರ್ಡರ್ ಮಾಡುವ ಮೊದಲು ಬೆಲೆ ಕೇಳಿ. ಮೀನನ್ನೇ ತಟ್ಟೆಯಲ್ಲಿ ತಂದು ತೋರಿಸುತ್ತಾರೆ, ಆಗಲೇ ಹೇಳಿಸಿಕೊಳ್ಳಿ. ಒಂದು ಸಲ ಕೇಳದೆ ಆರ್ಡರ್ ಮಾಡಿ, ಬಿಲ್ ಬಂದಾಗ ನಾವು ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದೇವೆ. ಜೂನ್, ಜುಲೈನಲ್ಲಿ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ. ತಾಜಾ ಮೀನು ಕಡಿಮೆ, ಬೆಲೆ ಜಾಸ್ತಿ. ಆ ಎರಡು ತಿಂಗಳು ಕೋಳಿ ಸುಕ್ಕ, ನೀರುದೋಸೆಗೆ ತೃಪ್ತಿ ಪಟ್ಟುಕೊಳ್ಳುವುದೇ ಜಾಣತನ. ಗೆಳೆಯರ ಗುಂಪು, ಬಿಯರ್ ಅಂದರೆ ಇಂದಿರಾನಗರದ ಟಾಯ್ಟ್‌ನಂಥ ಜಾಗಗಳೂ ಹೆಚ್ಚುಕಡಿಮೆ ಇದೇ ಲೆಕ್ಕಕ್ಕೆ ಬರುತ್ತವೆ, ಎರಡನೇ ಗ್ಲಾಸಿಗೆ ನಿಲ್ಲಿಸಿದರೆ.

*ಎರಡೂವರೆ ಸಾವಿರದ ಮೇಲೆ.* ಮದುವೆ ವಾರ್ಷಿಕೋತ್ಸವ, ಹೊಸ ಕೆಲಸ, ಇಂಥದ್ದಕ್ಕೆ ನಾನು ಹೇಳುವ ಹೆಸರು ಒಂದೇ. ರೆಸಿಡೆನ್ಸಿ ರಸ್ತೆಯಲ್ಲಿ ತಾಜ್‌ನವರ ಹೋಟೆಲಿನೊಳಗಿರುವ ಕರಾವಳಿ. ಗೋವಾದಿಂದ ಕೇರಳದವರೆಗಿನ ಕಡಲತೀರದ ಮನೆ ಅಡುಗೆ, ಜೊತೆಗೆ ಒಂದಿಷ್ಟು ಕೊಡಗು. ಬೇರೆ ದೊಡ್ಡ ಹೋಟೆಲ್‌ಗಳಲ್ಲಿ ಇಟಲಿ, ಜಪಾನ್ ಎಲ್ಲ ಇದೆ. ಆದರೆ ಅಷ್ಟು ದುಡ್ಡು ಕೊಟ್ಟು ನಮ್ಮದೇ ಕಡಲ ರುಚಿ ತಿನ್ನುವ ಜಾಗ ಬೇರೆ ಎಷ್ಟಿವೆ?

ಹೆಜ್ಜೆ 4: ದರ್ಶಿನಿಯಲ್ಲಿ ನಡೆದುಕೊಳ್ಳುವ ಬಗೆ

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಅಂತ ಒಂದು ಶುರುವಾಯಿತು. ಆ ಹೆಸರೇ ಆಮೇಲೆ ಇಡೀ ಜಾತಿಗೆ ಅಂಟಿಕೊಂಡಿತು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಅಡುಗೆಮನೆ ಕಣ್ಣೆದುರೇ. ಕೂತರೆ ಮುಕ್ಕಾಲು ಗಂಟೆ, ನಿಂತರೆ ಹತ್ತು ನಿಮಿಷ. ಒಂದೇ ಜಾಗದಲ್ಲಿ ನಾಲ್ಕು ಪಟ್ಟು ಜನ ತಿಂದು ಹೋಗುತ್ತಾರೆ. ಬೆಲೆ ಕಡಿಮೆ ಇರುವುದೂ, ತಿಂಡಿ ಸದಾ ಬಿಸಿ ಇರುವುದೂ ಈ ಒಂದೇ ಕಾರಣಕ್ಕೆ.

ಹೊಸಬರು ಇಲ್ಲಿ ತಬ್ಬಿಬ್ಬಾಗುತ್ತಾರೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಮೊದಲು ಗಲ್ಲಾ. ಲೈನಿಗೆ ಬರುವ ಮುಂಚೆಯೇ ಏನು ಬೇಕು ಅಂತ ತೀರ್ಮಾನ ಮಾಡಿಕೊಳ್ಳಿ. ಗಲ್ಲಾದ ಮುಂದೆ ನಿಂತು ಬೋರ್ಡು ಓದುತ್ತಾ "ಮ್ಮ್..." ಅಂದರೆ ಹಿಂದಿನವರು ಕೆಮ್ಮಲು ಶುರು ಮಾಡುತ್ತಾರೆ. "ಒಂದು ಸಿಂಗಲ್ ಇಡ್ಲಿ ವಡೆ, ಒಂದು ಮಸಾಲೆ, ಎರಡು ಕಾಫಿ." ಇಷ್ಟೇ ಮಾತು. ಬಿಲ್ ಕೈಗೆ ಬರುತ್ತದೆ. ಅದನ್ನು ತಿಂಡಿ ಕೌಂಟರಿನಲ್ಲಿ ಕೊಡಿ. ದೋಸೆಗೆ ಬೇರೆ ಕಡೆ, ಕಾಫಿಗೆ ಬೇರೆ ಕಡೆ ಇರುವುದೂ ಉಂಟು. ಕಾಫಿ ಬಿಲ್ ಜೇಬಲ್ಲೇ ಇರಲಿ, ತಿಂಡಿ ಮುಗಿದ ಮೇಲೆ ತೆಗೆಯಿರಿ. ಮೊದಲೇ ತೆಗೆದರೆ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಸುಡುವ ಲೋಟ ಹಿಡಿದು ಸರ್ಕಸ್ ಮಾಡಬೇಕಾಗುತ್ತದೆ.

ಕೌಂಟರಿನಲ್ಲಿ ಒಂದು ಮಾತು ಸೇರಿಸಿದರೆ ತಿಂಡಿಯೇ ಬದಲಾಗುತ್ತದೆ. "ಡಿಪ್" ಅಂದರೆ ಇಡ್ಲಿ ವಡೆ ಸಾಂಬಾರಿನಲ್ಲಿ ಮುಳುಗಿ ಬರುತ್ತದೆ, ಗರಿಗರಿ ವಡೆ ಇಷ್ಟ ಇರುವವರು "ಸಾಂಬಾರ್ ಬೇರೆ" ಅನ್ನಬೇಕು. ದೋಸೆಗೆ "ಸ್ವಲ್ಪ ರೋಸ್ಟ್ ಮಾಡಿ" ಅಂದರೆ ಭಟ್ಟರು ಇನ್ನೊಂದು ನಿಮಿಷ ಕಾವಲಿ ಮೇಲೆ ಬಿಡುತ್ತಾರೆ. ಖಾರಾಬಾತ್, ಕೇಸರಿಬಾತ್ ಎರಡೂ ಬೇಕು ಅಂದರೆ "ಚೌಚೌ ಬಾತ್". ಕಾಫಿಗೆ "ಸ್ಟ್ರಾಂಗ್, ಸಕ್ಕರೆ ಕಡಿಮೆ". ಇಬ್ಬರಿದ್ದು ಅರ್ಧರ್ಧ ಸಾಕು ಅಂದರೆ "ಬೈಟು". ಬೈಟು ಅನ್ನುವುದು ಜಿಪುಣತನ ಅಲ್ಲ, ಊಟದ ಮೇಲೆ ಇನ್ನೂ ಐದು ನಿಮಿಷ ಮಾತಾಡುವ ನೆಪ.

ತಿಂದ ತಟ್ಟೆಯನ್ನು ಟಬ್ಬಿನಲ್ಲಿ ಇಡಿ, ಟೇಬಲ್ ಮೇಲೆ ಬಿಟ್ಟು ಹೋಗಬೇಡಿ.

ಹೆಜ್ಜೆ 5: ಮಿಲಿಟರಿ ಹೋಟೆಲಿನ ಊಟ

ಹಳೇ ಬೆಂಗಳೂರಿನ ಮಾಂಸದೂಟ ಅಂದರೆ ಇದೇ. ಕಾಟನ್‌ಪೇಟೆ ಕಡೆಯ ಎಸ್.ಜಿ. ರಾವ್ ಮಿಲಿಟರಿ ಹೋಟೆಲ್ 1908ರದ್ದು. ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್ 1935ರದ್ದು. ಎರಡರ ಹಿಂದೆಯೂ ಮರಾಠಿ ಮನೆತನಗಳ ಕೈರುಚಿ ಇದೆ. ಅಲಂಕಾರ ಏನೂ ಇಲ್ಲ. ಉದ್ದನೆ ಟೇಬಲ್, ಎದುರಿಗೆ ಗುರುತಿಲ್ಲದ ಮನುಷ್ಯ, ಮಧ್ಯೆ ನೀರಿನ ಜಗ್ಗು.

ಮೆನು ಕೇಳಬೇಡಿ, "ಏನೇನಿದೆ ಅಣ್ಣ?" ಅನ್ನಿ. ಒಂದೇ ಉಸಿರಿನಲ್ಲಿ ಬರುತ್ತದೆ: "ಮಟನ್ ಬಿರಿಯಾನಿ ಚಿಕನ್ ಬಿರಿಯಾನಿ ಚಾಪ್ಸ್ ಕೈಮಾ ಲಿವರ್ ತಲೆಮಾಂಸ ಬೋಟಿ ಕಾಲ್‌ಸೂಪು." ಎರಡನೇ ಸಲ ಹೇಳಿಸಿದರೆ ಮುಖ ಗಂಟಾಗುತ್ತದೆ. ನಾನಾದರೆ ಮೊದಲು ಕಾಲ್‌ಸೂಪು, ಆಮೇಲೆ ಮುದ್ದೆ ಜೊತೆ ಬೋಟಿ ಅಥವಾ ತಲೆಮಾಂಸ, ಕೊನೆಗೆ ಇಬ್ಬರಿಗೆ ಒಂದು ದೊನ್ನೆ ಬಿರಿಯಾನಿ. ದೊನ್ನೆ ಬಿರಿಯಾನಿಗೆ ಬಾಸ್ಮತಿ ಅಲ್ಲ, ಜೀರಿಗೆ ಸಾಂಬಾ ಅಕ್ಕಿ. ಪುದೀನ, ಕೊತ್ತಂಬರಿಯಿಂದ ಹಸಿರು ಬಣ್ಣ. ದೊನ್ನೆಯ ಎಲೆಯ ವಾಸನೆ ಬಿಸಿ ಅನ್ನಕ್ಕೆ ಹತ್ತುತ್ತದೆ. ಹೈದರಾಬಾದಿನ ಬಿರಿಯಾನಿ ಜೊತೆ ಹೋಲಿಸಬೇಡಿ, ಎರಡೂ ಬೇರೆ ಬೇರೆ ಮನೆಯ ಮಕ್ಕಳು.

ಮುದ್ದೆ ಅಭ್ಯಾಸ ಇಲ್ಲದವರಿಗೆ ಒಂದು ಮಾತು. ಅಗಿಯಬೇಡಿ. ಬೆರಳಲ್ಲಿ ಗೋಲಿಯಷ್ಟು ಮುರಿದು, ಸಾರಿನಲ್ಲಿ ಹೊರಳಿಸಿ, ಹಾಗೇ ನುಂಗಿ. ಅಗಿದರೆ ಹಲ್ಲಿಗೆ ಮೆತ್ತಿಕೊಂಡು "ಇದೇನಿದು" ಅನ್ನಿಸುತ್ತದೆ.

ದುಡ್ಡು ಕಡಿಮೆ ಇದ್ದರೆ "ಕುಷ್ಕಾ" ಕೇಳಿ. ಪೀಸ್ ಇಲ್ಲದ ಬಿರಿಯಾನಿ ಅನ್ನ ಅದು. ಬೆಲೆ ಕಡಿಮೆ, ಮಸಾಲೆ ಅದೇ. ಅದಕ್ಕೆ ಒಂದು ಪ್ಲೇಟ್ ಕೈಮಾ ಇಬ್ಬರು ಹಂಚಿಕೊಂಡರೆ ಪೂರ್ತಿ ಊಟ. ಶೇರ್ವಾ ಖಾಲಿಯಾದರೆ ಕೇಳಿ, ಇನ್ನೊಂದು ಸೌಟು ಹಾಕುತ್ತಾರೆ.

ಹೆಜ್ಜೆ 6: ಹೆಸರು ಗೊತ್ತಿಲ್ಲದ ಹೋಟೆಲ್ ಆರಿಸುವುದು

ಹೆಸರಾಂತ ಜಾಗಗಳೆಲ್ಲ ನಿಮ್ಮ ಆಫೀಸಿನ ಹತ್ತಿರ ಇರುವುದಿಲ್ಲ. ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಮಧ್ಯಾಹ್ನ ಒಂದು ಗಂಟೆಗೆ ಹಸಿದಾಗ ಗುರುತು ಹಿಡಿಯುವ ಕಣ್ಣು ಬೇಕು. ನಾನು ನೋಡುವುದು ಮೂರೇ. ಹೊರಗೆ ಆಟೋ, ಕ್ಯಾಬ್ ನಿಂತಿವೆಯಾ? ದಿನಾ ಹೊರಗೆ ಉಣ್ಣುವವರು ಹೊಟ್ಟೆ ಕೆಡಿಸಿಕೊಳ್ಳಲು ಹೋಗುವುದಿಲ್ಲ. ಎರಡನೆಯದು ಚಟ್ನಿ. ಮೇಲೆ ನೀರು ಬಿಟ್ಟುಕೊಂಡು ಕೆಳಗೆ ತರಿ ಕೂತಿದ್ದರೆ ರುಬ್ಬಿ ಬಹಳ ಹೊತ್ತಾಗಿದೆ. ಮೂರನೆಯದು ಮೆನು. ದೋಸೆ, ನೂಡಲ್ಸ್, ಪಿಜ್ಜಾ, ಪನೀರ್ ಟಿಕ್ಕಾ ಎಲ್ಲ ಒಂದೇ ಬೋರ್ಡಿನಲ್ಲಿ ಇದ್ದರೆ ಅಲ್ಲಿ ಇಡ್ಲಿ ಬಿಟ್ಟು ಬೇರೇನೂ ಕೇಳಬೇಡಿ. ಇನ್ನೂರು ಪದಾರ್ಥವನ್ನು ತಾಜಾ ಮಾಡುವ ಅಡುಗೆಮನೆ ಯಾರ ಹತ್ತಿರವೂ ಇಲ್ಲ.

ರಿವ್ಯೂ ಓದುವುದಾದರೆ ನಕ್ಷತ್ರ ಎಣಿಸಬೇಡಿ. ಜನ ಯಾವ ಪದಾರ್ಥದ ಫೋಟೋ ಜಾಸ್ತಿ ಹಾಕಿದ್ದಾರೆ ನೋಡಿ, ಅದನ್ನೇ ಆರ್ಡರ್ ಮಾಡಿ. ಆ್ಯಪ್‌ನಲ್ಲಿ ತರಿಸುವುದಾದರೆ ಬಿರಿಯಾನಿ, ರೊಟ್ಟಿ ಊಟ, ಪುಳಿಯೋಗರೆ ಸರಿ. ಮಸಾಲೆ ದೋಸೆ ಬೇಡ. ಡಬ್ಬಿಯೊಳಗೆ ಬೆವೆತು ಚಾಪೆಯಾಗಿ ಬರುತ್ತದೆ, ಅದೂ ಹೋಟೆಲಿಗಿಂತ ಜಾಸ್ತಿ ಬೆಲೆಗೆ.

ಹೆಜ್ಜೆ 7: ಬಿಲ್ ಓದಿ

ಸಾಮಾನ್ಯ ಹೋಟೆಲಿನಲ್ಲಿ ಜಿಎಸ್‌ಟಿ 5%. ಬಿಲ್ಲಿನಲ್ಲಿ ಎರಡೂವರೆ, ಎರಡೂವರೆ ಅಂತ ಎರಡು ಸಾಲಾಗಿ ಕಾಣುತ್ತದೆ. ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ದೊಡ್ಡ ಹೋಟೆಲಿನೊಳಗಿನ ರೆಸ್ಟೋರೆಂಟ್ ಆದರೆ 18%. ಎರಡು ಸಾವಿರದ ಊಟಕ್ಕೆ 360 ರೂಪಾಯಿ ಮೇಲೆ ಬೀಳುತ್ತದೆ, ಮೊದಲೇ ಲೆಕ್ಕ ಹಾಕಿಕೊಳ್ಳಿ. ಕಾಂಪೊಸಿಷನ್ ಸ್ಕೀಮಿನಲ್ಲಿರುವ, ಅಂದರೆ ಒಟ್ಟು ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ ಸಣ್ಣ ಹೋಟೆಲ್‌ಗಳು ಗಿರಾಕಿಯಿಂದ ಪ್ರತ್ಯೇಕವಾಗಿ ಜಿಎಸ್‌ಟಿ ತೆಗೆದುಕೊಳ್ಳುವ ಹಾಗೇ ಇಲ್ಲ.

ಸರ್ವಿಸ್ ಚಾರ್ಜ್ ಬೇರೆ ವಿಷಯ. ಅದು ತೆರಿಗೆ ಅಲ್ಲ. ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಕಂಡರೆ "ಇದನ್ನು ತೆಗೀರಿ" ಅನ್ನಿ, ಜಗಳ ಬೇಡ. ತೆಗೆಯದೇ ಇದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಚೆನ್ನಾಗಿ ಬಡಿಸಿದ ಸಪ್ಲೈಯರ್ ಕೈಗೆ ನೀವಾಗಿ ಕೊಡುವ ಟಿಪ್ಸ್ ಬೇರೆ, ಅದನ್ನು ಮಾತ್ರ ತಪ್ಪಿಸಬೇಡಿ.

ನೀರು ಕೇಳಿದಾಗ ಬಾಟಲ್ ತಂದಿಟ್ಟರೆ ಮುಚ್ಚಳ ತೆಗೆಯುವ ಮುಂಚೆಯೇ "ಮಾಮೂಲಿ ನೀರು ಸಾಕು" ಅನ್ನಿ. ಮತ್ತೆ, ಜೇಬಲ್ಲಿ ಒಂದಿನ್ನೂರು ರೂಪಾಯಿ ಚಿಲ್ಲರೆ ಇರಲಿ. 2025ರ ಜುಲೈನಲ್ಲಿ ಯುಪಿಐ ವ್ಯವಹಾರ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಹೋದಾಗ ಎಷ್ಟೋ ಗಾಡಿ ಅಂಗಡಿಗಳವರು ಕ್ಯೂಆರ್ ಚೀಟಿ ಕಿತ್ತುಹಾಕಿದರು. ತಿಂದಾದ ಮೇಲೆ "ಕ್ಯಾಶ್ ಮಾತ್ರ" ಅಂದರೆ ಪೇಚಾಟ.

ಹೆಜ್ಜೆ 8: ಕಾಲ ನೋಡಿ

ಕೆಲವು ರುಚಿಗಳಿಗೆ ತಿಂಗಳೇ ಇದೆ. ಡಿಸೆಂಬರ್ ಕೊನೆ, ಜನವರಿಯಲ್ಲಿ ಅವರೆಕಾಯಿ ಮೇಳ. ಮೊದಲು ವಿ.ವಿ. ಪುರದ ಸಜ್ಜನ್‌ರಾವ್ ವೃತ್ತದ ಬೀದಿಯಲ್ಲೇ ಆಗುತ್ತಿತ್ತು, ಈಚೆಗೆ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋಗಿದೆ. ಅವರೆಕಾಳು ದೋಸೆ, ಹಿತಕಿದ ಬೇಳೆ ಸಾರು, ಅವರೆಕಾಳಿನ ಜಿಲೇಬಿಯೂ ಉಂಟು. ಜಿಲೇಬಿ ಒಂದು ಸಲ ತಿನ್ನಿ, ಎರಡನೇ ಸಲ ನೀವೇ ಕೇಳುವುದಿಲ್ಲ. ಕಾರ್ತೀಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ರಂಜಾನ್ ತಿಂಗಳ ಸಂಜೆ ಶಿವಾಜಿನಗರ, ಫ್ರೇಜರ್ ಟೌನ್ ಕಡೆ ಹಲೀಂ, ಸಮೋಸ, ಸೀಕ್ ಕಬಾಬ್. ಜಾನ್ಸನ್ ಮಾರ್ಕೆಟ್ ಕಡೆ ಹೋದರೆ ಫನೂಸ್‌ನ ಕಬಾಬ್ ರೋಲ್, ಆಮೇಲೆ ಮಕ್ಕಾ ಕೆಫೆಯ ಸುಲೇಮಾನಿ ಚಹಾ. ಇದಕ್ಕೆ ರಂಜಾನ್ ಬರಲಿ ಅಂತ ಕಾಯಬೇಕಿಲ್ಲ.

ಹೆಜ್ಜೆ 9: ಒಂದು ದಿನದ ಲೆಕ್ಕ

ಮಾವ ಆರು ತಿಂಗಳ ಮೇಲೆ ಮತ್ತೆ ಬಂದರು. ಈ ಸಲ ಮಂಗಳವಾರ, ಮೊದಲೇ ನೋಡಿಕೊಂಡಿದ್ದೆ. ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜು. ಏಳೂಕಾಲಿಗೆ ಶಂಕರಪುರದಲ್ಲಿ ಇಡ್ಲಿ, ಇಬ್ಬರಿಗೆ ಒಂದೇ ಪ್ಲೇಟ್. ಮಾವನಿಗೆ ಅರೆಹೊಟ್ಟೆ, ಅದು ನನ್ನ ಲೆಕ್ಕಾಚಾರ. ಅಲ್ಲಿಂದ ನಡೆದುಕೊಂಡು ಗಾಂಧಿಬಜಾರ್, ಎಂಟೂವರೆಗೆ ವಿದ್ಯಾರ್ಥಿ ಭವನ. ಹೆಸರು ಬರೆಸಿ ಹತ್ತು ನಿಮಿಷಕ್ಕೆ ಜಾಗ ಸಿಕ್ಕಿತು. ಸಪ್ಲೈಯರ್ ಒಂದೇ ತೋಳಿನ ಮೇಲೆ ಮೊಣಕೈವರೆಗೆ ದೋಸೆ ತಟ್ಟೆಗಳನ್ನು ಪೇರಿಸಿಕೊಂಡು ಬರುವುದನ್ನು ಕಂಡು ಮಾವ ದೋಸೆ ಮರೆತರು. "ಎಷ್ಟಿದೆಯೋ ಎಣಿಸೋ" ಅಂದರು. ಎಣಿಸುವಷ್ಟರಲ್ಲಿ ಅರ್ಧ ಬಡಿಸಿಯಾಗಿತ್ತು.

ಮಧ್ಯಾಹ್ನ ಗಾಂಧಿನಗರದಲ್ಲಿ ಜೋಳದ ರೊಟ್ಟಿ. ನಾಲ್ಕಕ್ಕೆ ಮಲ್ಲೇಶ್ವರದಲ್ಲಿ ಬೈಟು ಕಾಫಿ. ರಾತ್ರಿ ಎಂಟಕ್ಕೆ ಮತ್ತೆ ವಿ.ವಿ. ಪುರ, ಒಂದು ಅಕ್ಕಿ ರೊಟ್ಟಿ, ಒಂದು ಹೋಳಿಗೆ ಹಂಚಿಕೊಂಡು. ಮೆಟ್ರೋ ಟಿಕೆಟ್ ಬಿಟ್ಟರೆ ಇಬ್ಬರಿಗೂ ಸೇರಿ ಒಂದು ಸಾವಿರದ ಆಸುಪಾಸು.

ರೈಲಿಗೆ ಹೊರಡುವಾಗ ಮಾವ ಬೇಕರಿ ಮುಂದೆ ನಿಂತು ಅರ್ಧ ಕೆಜಿ ಖಾರದ ಕಾಂಗ್ರೆಸ್ ಕಡಲೆಕಾಯಿ ಕಟ್ಟಿಸಿಕೊಂಡರು. "ನಿಮ್ಮತ್ತೆಗೆ" ಅಂದರು. ಪೊಟ್ಟಣದ ದಾರ ತುಮಕೂರು ಬರುವ ಮುಂಚೆಯೇ ಬಿಚ್ಚಿತ್ತಂತೆ.